ಮಗ್ಗದ ಮನೆಯಿಂದ ಬಂದ ಕಾರು

2023ರ ಅಕ್ಟೋಬರ್ 30ರಂದು ಮುಂಬಯಿ ತನ್ನ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೆ ವಿದಾಯ ಹೇಳಿತು. ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿದ್ದ ಕೊನೆಯ ಪದ್ಮಿನಿಗೆ ಆ ಹೊತ್ತಿಗೆ ಇಪ್ಪತ್ತು ವರ್ಷ ತುಂಬಿತ್ತು. ಅದಕ್ಕಿಂತ ಹಳೆಯ ಗಾಡಿಯನ್ನು ಟ್ಯಾಕ್ಸಿಯಾಗಿ ಓಡಿಸಲು ಮುಂಬಯಿಯಲ್ಲಿ ಅನುಮತಿಯಿಲ್ಲ. ಪತ್ರಿಕೆಗಳು ಪುಟಗಟ್ಟಲೆ ಬರೆದವು, ಜನ ಹಳೆಯ ಫೋಟೋಗಳನ್ನು ಹುಡುಕಿ ತೆಗೆದರು, ಸಿನಿಮಾ ಹಾಡುಗಳನ್ನು ನೆನಪಿಸಿಕೊಂಡರು. ಅದೆಲ್ಲ ಪದ್ಮಿನಿಗೆ ಸಲ್ಲಬೇಕಾದ ಗೌರವವೇ.

ಆದರೆ ಆ ದಿನ ಮುಂಬಯಿಯ ರಸ್ತೆಯಲ್ಲಿ ನಿಜವಾಗಿ ಜನರನ್ನು ಹೊರುತ್ತಿದ್ದ ಕಾರುಗಳು ಬೇರೆ. ಪದ್ಮಿನಿ ಹೋಗುವ ಎಷ್ಟೋ ವರ್ಷ ಮೊದಲೇ ಕಪ್ಪು–ಹಳದಿ ಬಣ್ಣವನ್ನು ಸುಜುಕಿಯ ವ್ಯಾಗನ್ ಆರ್, ಓಮ್ನಿ, ಈಕೋಗಳು ಮೈಗೆ ಹಚ್ಚಿಕೊಂಡಿದ್ದವು. ಕೊರಿಯಾದ ಸ್ಯಾಂಟ್ರೋ ಕೂಡ ಜೊತೆಗಿತ್ತು. ಓಲಾ, ಊಬರ್‌ಗಳು ಬಂದ ಮೇಲೆ ಬಿಳಿ ಬಣ್ಣದ ಡಿಸೈರ್, ಎರ್ಟಿಗಾಗಳು ಸೇರಿಕೊಂಡವು. ಕಾಂದಿವಲಿಯಿಂದ ಡೊಂಬಿವಲಿಯವರೆಗೆ ಸೊಸೈಟಿಗಳ ಕಾಂಪೌಂಡಿನಲ್ಲಿ ಮುಸುಕು ಹೊದ್ದು ನಿಂತ ಕಾರುಗಳಲ್ಲೂ ಸುಜುಕಿಯ ಪಾಲು ದೊಡ್ಡದು. ಇಷ್ಟೊಂದು ಹತ್ತಿರವಾದ ಕಾರಿನ ಬಗ್ಗೆ ಯಾರೂ ಹಾಡು ಕಟ್ಟಲಿಲ್ಲ. ಮನೆಯಲ್ಲಿ ದಿನವಿಡೀ ದುಡಿಯುವವರ ಬಗ್ಗೆ ಮಾತು ಕಡಿಮೆ ಇರುತ್ತದಲ್ಲ, ಹಾಗೆ.

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಬಂದು ನಿಲ್ಲುವ ಹೊತ್ತಿಗೆ ಹೊರಗಿನ ಟ್ಯಾಕ್ಸಿ ಸಾಲನ್ನು ನೋಡಬೇಕು. ಊರಿನಿಂದ ಬಂದವರ ಕೈಯಲ್ಲಿ ಕುಚ್ಚಲಕ್ಕಿಯ ಚೀಲ, ಹಪ್ಪಳದ ಡಬ್ಬಿ, ಸುಲಿದ ತೆಂಗಿನಕಾಯಿಯ ಗೋಣಿ. ವ್ಯಾಗನ್ ಆರ್‌ನ ಡಿಕ್ಕಿ ತೆರೆದರೆ ಒಳಗೆ ಜಾಗವೇ ಇಲ್ಲ. ಸಿಎನ್‌ಜಿ ಸಿಲಿಂಡರ್ ಅಡ್ಡಲಾಗಿ ಮಲಗಿದೆ. ಚಾಲಕ ಎರಡು ಮಾತಾಡುವುದಿಲ್ಲ. ಸಾಮಾನನ್ನು ಮೇಲಿನ ಕಬ್ಬಿಣದ ಕ್ಯಾರಿಯರ್‌ಗೆ ಎತ್ತುತ್ತಾನೆ, ನೈಲಾನ್ ಹಗ್ಗವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಡ್ಡ ಎಳೆದು ಬಿಗಿಯುತ್ತಾನೆ, ಗಂಟನ್ನು ಒಮ್ಮೆ ಜಗ್ಗಿ ನೋಡುತ್ತಾನೆ. ಮಂಡಿನೋವಿನ ಅಜ್ಜಿ ಬಗ್ಗದೆ, ಸೆರಗು ಎಲ್ಲಿಯೂ ಸಿಕ್ಕಿಕೊಳ್ಳದೆ, ಕುರ್ಚಿಯ ಮೇಲೆ ಕೂರುವಷ್ಟೇ ಸಲೀಸಾಗಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಈ ಎತ್ತರ ತಾನಾಗಿ ಬಂದದ್ದಲ್ಲ. ಚಿಕ್ಕ ಕಾರುಗಳ ಉದ್ದ ಅಗಲಗಳಿಗೆ ಸರ್ಕಾರ ಮಿತಿ ಹಾಕಿರುವ ನಾಡಿನಲ್ಲಿ, ಉಳಿದ ಒಂದೇ ದಾರಿ ಮೇಲಕ್ಕೆ ಬೆಳೆಯುವುದು ಎಂದು ಕಂಡುಕೊಂಡ ಇಂಜಿನಿಯರುಗಳು 1993ರಲ್ಲಿ ಜಪಾನಿನಲ್ಲಿ ವ್ಯಾಗನ್ ಆರ್ ತಂದರು. ಮನೆಗಳಿಗೆ ಅಟ್ಟ ಕಟ್ಟಿಕೊಂಡು ಬದುಕುವ ಮುಂಬಯಿಗೆ ಆ ಲೆಕ್ಕ ಬೇಗ ಅರ್ಥವಾಯಿತು.

ಸುಜುಕಿಯ ಕಥೆ ಕಾರಿನಿಂದ ಶುರುವಾಗುವುದಿಲ್ಲ. ಅದು ಶುರುವಾಗುವುದು ಹತ್ತಿಯಿಂದ. ಟೋಕಿಯೊಗೂ ಒಸಾಕಾಕ್ಕೂ ನಡುವೆ, ಸಮುದ್ರದ ಅಂಚಿನಲ್ಲಿ ಹಮಾಮಾತ್ಸು ಎಂಬ ಊರು. 1887ರಲ್ಲಿ ಅಲ್ಲಿನ ಹತ್ತಿ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಮಿಚಿಯೊ ಸುಜುಕಿ ಹದಿನಾಲ್ಕನೇ ವಯಸ್ಸಿಗೆ ಬಡಗಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಆ ಸೀಮೆಯಲ್ಲಿ ಮನೆಮನೆಯಲ್ಲೂ ನೇಯ್ಗೆ. ಹೆಂಗಸರು ಕೈಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂರುವುದನ್ನು ನೋಡಿ ಬೆಳೆದ ಹುಡುಗ ಕಾಲಿನಿಂದ ತುಳಿದು ನಡೆಸುವ ಮಗ್ಗವೊಂದನ್ನು ಮಾಡಿದ. ಮೊದಲನೆಯದನ್ನು ತಾಯಿಗೆ ಕೊಟ್ಟನೆಂದು ಹೇಳುತ್ತಾರೆ. 1909ರಲ್ಲಿ, ರೇಷ್ಮೆಹುಳು ಸಾಕುತ್ತಿದ್ದ ಕೊಟ್ಟಿಗೆಯನ್ನು ಸರಿಮಾಡಿಕೊಂಡು, ಸುಜುಕಿ ಮಗ್ಗದ ಕಾರ್ಖಾನೆ ತೆರೆದ. ಎರಡು ಲಾಳಿ ಓಡಿಸಿ ಪಟ್ಟೆಬಟ್ಟೆ ನೇಯುವ ಮಗ್ಗ ಅವನಿಗೆ ಹೆಸರು ತಂದಿತು. 1920ರಲ್ಲಿ ಅದು ಷೇರು ಕಂಪನಿಯಾಯಿತು. ಆಗ್ನೇಯ ಏಷ್ಯಾದವರು ಉಡುವ ಸರೋಂಗ್‌ಗಳನ್ನು ನೇಯುವ ಮಗ್ಗಗಳು ಹಮಾಮಾತ್ಸುವಿನಿಂದ ಹಡಗು ಹತ್ತಿದವು.

ಮಗ್ಗ ಮಾಡುವವನಿಗೆ ಕೆಲವು ಗುಣಗಳು ಕೆಲಸದಿಂದಲೇ ಬರುತ್ತವೆ. ಲಾಳಿ ಒಂದು ಕೂದಲೆಳೆಯಷ್ಟು ದಾರಿ ತಪ್ಪಿದರೂ ಹಾಸು ಹರಿಯುತ್ತದೆ. ಬಡ ನೇಕಾರನ ಮನೆಯಲ್ಲಿ ಮಗ್ಗ ಕೆಟ್ಟು ನಿಂತರೆ ಆ ದಿನದ ಒಲೆ ಹಚ್ಚುವುದು ಕಷ್ಟ. ಆದ್ದರಿಂದ ಮಗ್ಗ ಹಗುರವಾಗಿರಬೇಕು, ಅಗ್ಗವಾಗಿರಬೇಕು, ಕೆಡಬಾರದು, ಕೆಟ್ಟರೂ ಊರಿನವರೇ ರಿಪೇರಿ ಮಾಡುವಂತಿರಬೇಕು. ನಾನು ಸುಜುಕಿಯ ಇಡೀ ಚರಿತ್ರೆಯನ್ನು ಈ ನಾಲ್ಕು ಬೇಡಿಕೆಗಳ ಬೆಳಕಿನಲ್ಲಿ ಓದುತ್ತೇನೆ. ಆ ಕಂಪನಿ ಇಂದಿಗೂ ತನ್ನ ಇಂಜಿನಿಯರುಗಳಿಗೆ ಕಲಿಸುವ ಸೂತ್ರದಲ್ಲಿ ಐದೇ ಮಾತು: ಚಿಕ್ಕದು, ಕಡಿಮೆ, ಹಗುರ, ಗಿಡ್ಡ, ಚೆಂದ.

ಹಮಾಮಾತ್ಸುವಿನಲ್ಲಿ ಮಿಚಿಯೊ ಇನ್ನೂ ಬಾಲಕನಾಗಿದ್ದಾಗಲೇ ಜಪಾನಿಗೂ ಮುಂಬಯಿಗೂ ಹತ್ತಿಯ ನಂಟು ಬೆಳೆದಿತ್ತು. ಜಪಾನಿನ ನೂಲಿನ ಗಿರಣಿಗಳಿಗೆ ಹಿಂದುಸ್ತಾನದ ಹತ್ತಿ ಬೇಕಿತ್ತು. ಅದನ್ನು ಸಾಗಿಸುವ ಹಡಗುಗಳೆಲ್ಲ ಯೂರೋಪಿನ ಕಂಪನಿಗಳ ಕೈಯಲ್ಲಿದ್ದವು, ಬಾಡಿಗೆಯನ್ನು ಅವರು ಹೇಳಿದಂತೆ ಕೊಡಬೇಕಿತ್ತು. ಜಮ್ಶೆಡ್‌ಜಿ ಟಾಟಾ ಜಪಾನಿನ ಎನ್‌ವೈಕೆ ಹಡಗು ಕಂಪನಿಯ ಜೊತೆ ಕೈಜೋಡಿಸಿದರು. 1893ರ ನವೆಂಬರ್‌ನಲ್ಲಿ ‘ಹಿರೋಷಿಮಾ ಮಾರು’ ಹಡಗು ಕೋಬೆಯಿಂದ ಮುಂಬಯಿಗೆ ಹೊರಟಿತು. ದೂರದ ಸಾಗರಯಾನಕ್ಕೆ ಜಪಾನಿನ ಕಂಪನಿಯೊಂದು ಹಾಕಿಕೊಂಡ ಮೊದಲ ನಿಯಮಿತ ಮಾರ್ಗ ಅದು. ಜಪಾನಿನ ಹತ್ತಿ ವ್ಯಾಪಾರಿಗಳು ಇಲ್ಲಿ ಬಿಡಾರ ಹೂಡಿದರು. ಆ ಕಾಲದ ಮುಂಬಯಿ ಹತ್ತಿ ಪೇಟೆಯಲ್ಲಿ ಧಾರವಾಡ, ಕುಮಟಾ ಎಂಬ ನಮ್ಮ ಊರುಗಳ ಹೆಸರು ಹತ್ತಿಯ ದರ್ಜೆಯ ಹೆಸರಾಗಿಯೂ ನಡೆಯುತ್ತಿತ್ತು. ನಂತರ 1930ರ ದಶಕದಲ್ಲಿ ಜಪಾನಿನ ಅಗ್ಗದ ಬಟ್ಟೆ ಇಲ್ಲಿಗೆ ನುಗ್ಗಿ, ಮುಂಬಯಿಯ ಗಿರಣಿ ಮಾಲೀಕರು ಸುಂಕ ಏರಿಸಿ ಎಂದು ಸರ್ಕಾರದ ಮುಂದೆ ನಿಲ್ಲುವಂತಾಯಿತು. ಜಪಾನಿನವರು ಸಿಟ್ಟಾಗಿ ಭಾರತದ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದರು. 1934ರಲ್ಲಿ ಒಪ್ಪಂದವಾದ ಮೇಲೆ ಜಗಳ ತಣ್ಣಗಾಯಿತು.

ಟೊಯೊಟಾ ಹುಟ್ಟಿದ್ದೂ ಮಗ್ಗದ ಮನೆಯಲ್ಲೇ. ಸಕಿಚಿ ಟೊಯೊಡಾ ಅವರು ತಾನಾಗಿ ನಡೆಯುವ, ನೂಲು ಹರಿದರೆ ತಾನಾಗಿ ನಿಲ್ಲುವ ಮಗ್ಗವನ್ನು 1924ರಲ್ಲಿ ಪರಿಪೂರ್ಣಗೊಳಿಸಿದರು. ಅದರ ಹಕ್ಕನ್ನು 1929ರಲ್ಲಿ ಕೊಂಡದ್ದು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್. ಮುಂಬಯಿಯ ಗಿರಣಿಗಳಿಗೆ ತಲೆಮಾರುಗಳಿಂದ ಯಂತ್ರ ಪೂರೈಸುತ್ತಿದ್ದ ಓಲ್ಡಮ್ ಊರಿನ ಕಂಪನಿಯೇ ಅದು. 1 ಲಕ್ಷ ಪೌಂಡ್‌ಗೆ ವ್ಯವಹಾರ ಕುದುರಿತು. ಮಗ ಕೀಚಿರೊ ಮೋಟಾರು ಗಾಡಿಯ ಪ್ರಯೋಗಕ್ಕೆ ಇಳಿದಾಗ ಆ ಹಣ ಆಸರೆಯಾಯಿತೆಂದು ಟೊಯೊಟಾದ ಚರಿತ್ರೆ ಹೇಳುತ್ತದೆ. ಟೊಯೊಟಾ ಬೇಗ ದೊಡ್ಡ ಕಾರುಗಳ ಕಡೆ ಹೋಯಿತು. ಸುಜುಕಿ ಚಿಕ್ಕದರಲ್ಲೇ ಉಳಿಯಿತು.

ಸುಜುಕಿ 1937ರಲ್ಲೇ ಚಿಕ್ಕ ಕಾರಿನ ಮಾದರಿ ಮಾಡಿನೋಡಿತ್ತು. ಯುದ್ಧ ಅದನ್ನು ನಿಲ್ಲಿಸಿತು. ಯುದ್ಧ ಮುಗಿದ ಮೇಲೆ ಮತ್ತೆ ಮಗ್ಗಕ್ಕೆ ಮರಳಿದರೆ, 1951ರ ಹೊತ್ತಿಗೆ ಜಪಾನಿನ ಹತ್ತಿ ಪೇಟೆಯೇ ಕುಸಿಯಿತು. 1952ರಲ್ಲಿ ಸೈಕಲ್ಲಿಗೆ ಕಟ್ಟುವ 36 ಸಿಸಿಯ ಪುಟ್ಟ ಇಂಜಿನ್ ಮಾಡಿದರು. 1954ರಲ್ಲಿ ಹೆಸರು ಸುಜುಕಿ ಮೋಟಾರ್ ಎಂದಾಯಿತು. ಕಾರಿನ ಮೊದಲ ಮಾದರಿಗಳನ್ನು ಹಮಾಮಾತ್ಸುವಿನಿಂದ ಟೋಕಿಯೊದ ಕಾರು ವ್ಯಾಪಾರಿಯೊಬ್ಬರಿಗೆ ತೋರಿಸಲು ಹಕೋನೆ ಘಾಟಿಯ ಮೇಲಿಂದಲೇ ಓಡಿಸಿಕೊಂಡು ಹೋದರು. ದಾರಿಯಲ್ಲಿ ಕೆಟ್ಟು, ಸರಿಪಡಿಸಿ, ಮತ್ತೆ ಕೆಟ್ಟು, ರಾತ್ರಿಯಾದ ಮೇಲೆ ತಲುಪಿದರು. 1955ರ ಅಕ್ಟೋಬರ್‌ನಲ್ಲಿ ‘ಸುಜುಲೈಟ್’ ಮಾರುಕಟ್ಟೆಗೆ ಬಂತು. ಇಂಜಿನ್ 360 ಸಿಸಿ. ಚಿಕ್ಕ ಗಾಡಿಗಳಿಗೆ ಜಪಾನ್ ಸರ್ಕಾರ ತೆರಿಗೆ ಕಡಿಮೆ ಮಾಡಿ, ಅಳತೆಗೆ ಮಾತ್ರ ಬಿಗಿಯಾದ ಗೆರೆ ಎಳೆದಿತ್ತು. ಆ ಗೆರೆಯೊಳಗೆ ನಾಲ್ಕು ಜನರನ್ನು ಕೂರಿಸುವ ವಿದ್ಯೆಯಲ್ಲಿ ಸುಜುಕಿ ಪಳಗಿತು.

ಈ ಮನೆತನದ ಇನ್ನೊಂದು ವಿಶೇಷ ಕರಾವಳಿಯವರಿಗೆ ಹತ್ತಿರವೆನಿಸೀತು. ಮಿಚಿಯೊ ತನ್ನ ನಂತರ ಕಂಪನಿಯನ್ನು ಅಳಿಯ ಶುನ್ಜೊಗೆ ಒಪ್ಪಿಸಿದ. 1978ರಲ್ಲಿ ಅಧ್ಯಕ್ಷರಾದ ಓಸಾಮು ಕೂಡ ಅಳಿಯನೇ; ಹುಟ್ಟುಹೆಸರು ಓಸಾಮು ಮತ್ಸುದಾ, ಮದುವೆಯಾದ ಮೇಲೆ ಹೆಂಡತಿಯ ಮನೆತನದ ಹೆಸರು ಹೊತ್ತವರು. ನಮ್ಮ ಅಳಿಯಸಂತಾನದಲ್ಲಿ ಆಸ್ತಿ ಹೋಗುವುದು ಸೋದರಿಯ ಮಕ್ಕಳಿಗೆ, ಅದರ ಜಾಡು ಬೇರೆ. ಆದರೂ ಹೊಟ್ಟೆಯಲ್ಲಿ ಹುಟ್ಟಿದವನಿಗಿಂತ ಹೊಣೆ ಹೊರಬಲ್ಲವನು ಮುಖ್ಯ ಎಂಬ ಆ ನಾಡಿನ ತಿಳಿವಳಿಕೆ ಸುಜುಕಿಗೆ ಒಳ್ಳೆಯದನ್ನೇ ಮಾಡಿತು. ಓಸಾಮು ಜಿಪುಣತನಕ್ಕೆ ಹೆಸರಾದವರು. ಕಾರ್ಖಾನೆಯಲ್ಲಿ ತಾವೇ ನಡೆದು, ಎಲ್ಲಿ ವಿದ್ಯುತ್ ಉಳಿಸಬಹುದು, ಎಲ್ಲಿ ಒಂದು ಹೆಜ್ಜೆ ಕಡಿಮೆ ಮಾಡಬಹುದು ಎಂದು ಹುಡುಕುತ್ತಿದ್ದರು. 1979ರಲ್ಲಿ ಅವರು ತಂದ ಆಲ್ಟೊ ಕಾರಿನ ಬೆಲೆ 4 ಲಕ್ಷ 70 ಸಾವಿರ ಯೆನ್. ಉಳಿದ ಕಂಪನಿಗಳು ದಂಗಾಗುವಷ್ಟು ಅಗ್ಗ. ಆ ಆಲ್ಟೊ ಕಾರೇ ಮುಂದೆ ನಮ್ಮ ಮಾರುತಿ 800ಕ್ಕೂ ಮೂಲವಾಯಿತು.

ಈಗ 1982ಕ್ಕೆ ಬರೋಣ. ಮುಂಬಯಿಯವರು ಆ ವರ್ಷವನ್ನು ಮರೆಯುವುದು ಸಾಧ್ಯವಿಲ್ಲ. ಜನವರಿ 18ರಂದು ಡಾ. ದತ್ತಾ ಸಾಮಂತ್ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಪರೇಲ್, ಲಾಲ್‌ಬಾಗ್, ವರ್ಲಿಗಳಲ್ಲಿ ಪಾಳಿಯ ಹೊತ್ತು ಸಾರುತ್ತಿದ್ದ ಭೋಂಗಾ ಮೌನವಾಯಿತು. ಖಾನಾವಳಿಗಳಲ್ಲಿ ತಿಂಗಳ ಲೆಕ್ಕ ಬರೆಸಿ ಉಣ್ಣುತ್ತಿದ್ದವರು ಊರಿಗೆ ಹೊರಟರು. ಸೋಲಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಕನ್ನಡದವರೂ ಅವರಲ್ಲಿದ್ದರು. ಗಿರಣಿಗಳನ್ನೇ ನಂಬಿದ್ದ ಉಡುಪಿ ಹೋಟೆಲುಗಳ ಗಲ್ಲಾ ಬರಿದಾಯಿತು. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ. 1854ರಲ್ಲಿ ಕಾವಸ್‌ಜಿ ದಾವರ್ ತಾಡದೇವ್‌ನಲ್ಲಿ ಸ್ಥಾಪಿಸಿದ ಮೊದಲ ಗಿರಣಿಯಿಂದ ಬೆಳೆದ ಒಂದು ಲೋಕ ಅಲ್ಲಿಗೆ ಮುರಿದುಬಿತ್ತು.

ಮುಷ್ಕರ ನಡೆಯುತ್ತಿರುವಾಗಲೇ, ಅದೇ ವರ್ಷದ ಅಕ್ಟೋಬರ್ 2ರಂದು ದಿಲ್ಲಿಯಲ್ಲಿ ಮಾರುತಿ ಉದ್ಯೋಗ್ ಮತ್ತು ಸುಜುಕಿ ನಡುವೆ ಒಪ್ಪಂದವಾಯಿತು. ಸಂಜಯ್ ಗಾಂಧಿ ಶುರುಮಾಡಿ ಕೈಗೂಡದ ಕಾರು ಕಂಪನಿಯನ್ನು ಸರ್ಕಾರ ತನ್ನದಾಗಿಸಿಕೊಂಡಿತ್ತು, ವಿ. ಕೃಷ್ಣಮೂರ್ತಿ, ಆರ್.ಸಿ. ಭಾರ್ಗವ ಮೊದಲಾದವರು ಯೂರೋಪ್, ಜಪಾನ್ ಸುತ್ತಿ ಜೊತೆಗಾರನನ್ನು ಹುಡುಕುತ್ತಿದ್ದರು. ದೊಡ್ಡ ಕಂಪನಿಗಳಿಗೆ ಭಾರತದ ಮೇಲೆ ಭರವಸೆಯಿರಲಿಲ್ಲ. ಓಸಾಮು ಮಾತ್ರ ತಾವೇ ಎದುರು ಕೂತು ಮಾತಾಡಿದರು. ಸುಜುಕಿ ಹಾಕಿದ ಬಂಡವಾಳ ಶೇ 26ರಷ್ಟು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈಯನ್ನು ಇಂದಿರಾ ಗಾಂಧಿ ಹರ್ಪಾಲ್ ಸಿಂಗ್ ಎಂಬುವರ ಕೈಗಿತ್ತರು. ಗುರುಗ್ರಾಮದ ಕಾರ್ಖಾನೆಯಲ್ಲಿ ಮ್ಯಾನೇಜರನಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ಮಾಲೀಕ–ಕಾರ್ಮಿಕರ ನಡುವಿನ ಗೋಡೆ ಎಷ್ಟು ದಪ್ಪವಾಗಬಲ್ಲದೆಂದು ಅದೇ ಹೊತ್ತಿನಲ್ಲಿ ಮುಂಬಯಿ ನೋಡುತ್ತಿತ್ತು.

ಕಾಲ ಹೀಗೆ ಎರಡನ್ನೂ ಪಕ್ಕಪಕ್ಕ ಇಟ್ಟಿರುವುದನ್ನು ನೋಡಿದಾಗ ನನಗೆ ಸಂಕಟವೂ ಆಗುತ್ತದೆ, ಆಶ್ಚರ್ಯವೂ ಆಗುತ್ತದೆ. ಹಮಾಮಾತ್ಸುವಿನಲ್ಲೂ ಹತ್ತಿ ಕೈಕೊಟ್ಟಿತ್ತು. ಅಲ್ಲಿ ಮಗ್ಗ ಮಾಡುತ್ತಿದ್ದ ಕೈಗಳೇ ಇಂಜಿನ್ ಮಾಡಲು ಕಲಿತವು. ಕಾರ್ಖಾನೆಯೂ ಉಳಿಯಿತು, ಊರೂ ಉಳಿಯಿತು. ಇಲ್ಲಿ ಗಿರಣಿಯ ನೆಲ ಮಾತ್ರ ಬೆಲೆಬಾಳಿತು. ಫೀನಿಕ್ಸ್ ಮಿಲ್ ಮಾಲ್ ಆಯಿತು, ಕಮಲಾ ಮಿಲ್ ಆಫೀಸುಗಳ ಆವರಣವಾಯಿತು. ಒಂದು ಕಾಲದಲ್ಲಿ ಕದಿರು ತಿರುಗುತ್ತಿದ್ದ ನೆಲದಲ್ಲಿ ಇಂದು ಕಾರು ನಿಲ್ಲಿಸಲು ಗಂಟೆಯ ಲೆಕ್ಕದಲ್ಲಿ ಚೀಟಿ ಹರಿಯುತ್ತಾರೆ. ಕೌಶಲವುಳ್ಳ ಎರಡೂವರೆ ಲಕ್ಷ ಜೋಡಿ ಕೈಗಳಿಗೆ ಹೊಸ ಕೆಲಸ ಕಲಿಸುವ ಯೋಚನೆ ಈ ನಗರಕ್ಕಾಗಲಿ, ಸರ್ಕಾರಕ್ಕಾಗಲಿ ಬರಲಿಲ್ಲ ಎಂಬುದು ಅನ್ಯಾಯವೇ.

ಮುಂಬಯಿಗೆ ತನ್ನದೇ ಕಾರಿತ್ತು. ಸೋಲಾಪುರದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅದಕ್ಕೂ ಮೊದಲು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದ್ದವರೂ ಅವರೇ. ಕುರ್ಲಾದಲ್ಲಿ ತಯಾರಾದ ಫಿಯೆಟ್‌ಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಗಟ್ಟಿ ಗಾಡಿ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದ ಬೆಂಚಿನಂಥ ಸೀಟು. ಆದರೆ ಮಳೆಗಾಲ ಬಂದರೆ ಸ್ಟಾರ್ಟ್ ಆಗಲು ರಚ್ಚೆ ಹಿಡಿಯುತ್ತಿತ್ತು. 1985ರಲ್ಲಿ ಪ್ರೀಮಿಯರ್ ತನ್ನ ಹೊಸ ಕಾರು 118 ಎನ್‌ಇಗೆ ಜಪಾನಿನ ನಿಸಾನ್ ಇಂಜಿನನ್ನೇ ಕೂರಿಸಿತು. ಅದರಿಂದಲೂ ಉಳಿಗಾಲವಾಗಲಿಲ್ಲ, ಹೊಸ ಶತಮಾನದ ಹೊಸ್ತಿಲಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು.

ಅಷ್ಟರಲ್ಲಿ ಮಾರುತಿ 800 ಮಧ್ಯಮ ವರ್ಗದ ಮನೆ ಸೇರಿತ್ತು. 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್, 12 ಇಂಚಿನ ಚಕ್ರ, 650 ಕಿಲೋ ಆಸುಪಾಸಿನ ತೂಕ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುವ ಕಾರು ಎಂಬುದೇ ಆ ಕಾಲದವರಿಗೆ ಹಬ್ಬ. ಬಾಂದ್ರಾದ ಸಾಹಿತ್ಯ ಸಹವಾಸದಲ್ಲಿ ಬೆಳೆದ ಸಚಿನ್ ತೆಂಡೂಲ್ಕರ್ ಕೊಂಡ ಮೊದಲ ಕಾರು ಕೂಡ ಮಾರುತಿ 800. ಬ್ಯಾಂಕಿನ ಗುಮಾಸ್ತರು, ಹೋಟೆಲಿನ ಮಾಲೀಕರು, ಎಲ್‌ಐಸಿ ಏಜೆಂಟರು 10 ಸಾವಿರ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದರು. ವಾರವೆಲ್ಲ ಲೋಕಲ್ ಟ್ರೇನಿನಲ್ಲಿ ನಿಂತು ಹೋಗುವ ಮುಲುಂಡ್, ಬೊರಿವಲಿಯ ಸಂಸಾರಕ್ಕೆ ಈ ಕಾರು ಭಾನುವಾರದ್ದು. ಮಾಟುಂಗಾದ ರಾಮ ನಾಯಕರ ಬೋರ್ಡಿಂಗಿನಲ್ಲಿ ಊಟ, ಸಂಜೆ ಕರ್ನಾಟಕ ಸಂಘದ ನಾಟಕ, ಕುರ್ಲಾದ ಬಂಟರ ಸಂಘದಲ್ಲಿ ಮದುವೆ; ಮರಳುವಾಗ ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಮಲಗಿದ ಮಕ್ಕಳು. ಮೇ ತಿಂಗಳಲ್ಲಿ ಅದೇ ಕಾರು ಪನ್ವೇಲ್ ದಾಟಿ, ಕಶೇಡಿ ಘಾಟಿ, ಚಿಪ್ಳೂಣದ ಪರಶುರಾಮ ಘಾಟಿ ಹತ್ತಿಳಿದು ಉಡುಪಿಯತ್ತ ಹೊರಡುತ್ತಿತ್ತು. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದುಕೊಳ್ಳುವವರೆಗೆ ಊರಿನ ದಾರಿಯೆಂದರೆ ರಾತ್ರಿ ಬಸ್ಸಿನದ್ದು. ಸ್ವಂತ ಕಾರಿದ್ದವರಿಗೆ ದಾರಿಯಲ್ಲಿ ಬೇಕಾದ ಕಡೆ ನಿಲ್ಲಿಸಿ ಬುತ್ತಿ ಬಿಚ್ಚುವ ಸ್ವಾತಂತ್ರ್ಯವಿತ್ತು.

800ರ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನ ಮೆಚ್ಚುಗೆ 1984ರಲ್ಲಿ ಬಂದ ವ್ಯಾನಿಗೆ, ಮುಂದೆ ಓಮ್ನಿ ಎಂದು ಹೆಸರಾದದ್ದಕ್ಕೆ. ಹಿಂದಿ ಸಿನಿಮಾದವರು ಅದನ್ನು ಅಪಹರಣದ ಗಾಡಿಯಾಗಿಸಿ ಬಿಟ್ಟರು. ಮುಂಬಯಿಯ ಹೋಟೆಲಿನವರನ್ನು ಕೇಳಿದರೆ ನಿಜವಾದ ಕಥೆ ಸಿಗುತ್ತದೆ. ಬೆಳಗಾಗುವ ಮೊದಲು ದಾದರ್ ಮಾರ್ಕೆಟ್ಟಿನಿಂದ ಕೊತ್ತಂಬರಿ, ಬಾಳೆಲೆ, ಸಾಂಬಾರಿನ ತರಕಾರಿ. ಮಧ್ಯಾಹ್ನ ಮದುವೆ ಅಡುಗೆಯ ಕೊಪ್ಪರಿಗೆ. ಬಾಗಿಲನ್ನು ಪಕ್ಕಕ್ಕೆ ಸರಿಸಿದರೆ ಸಾಕು, ಮಸ್ಜಿದ್ ಬಂದರಿನಂಥ ಗಲ್ಲಿಯಲ್ಲೂ ಕೈಗಾಡಿಗೆ ತಾಗದಂತೆ ಸಾಮಾನು ಇಳಿಸಬಹುದು. ಹೊರಕ್ಕೆ ತೆರೆಯುವ ಬಾಗಿಲಿಗೆ ಬೇಕಾಗುವ ಎರಡಡಿ ಜಾಗ ಆ ಗಲ್ಲಿಯಲ್ಲಿ ಯಾರ ಬಳಿಯೂ ಇಲ್ಲ. ಗಣೇಶ ಚೌತಿಗೆ ಲಾಲ್‌ಬಾಗ್‌ನಿಂದ ಮನೆಮನೆಗೆ ಹೊರಟ ಮೂರ್ತಿಗಳಲ್ಲಿ ಎಷ್ಟೋ ಓಮ್ನಿಯಲ್ಲೇ ಕೂತು ಹೋದವು. 2019ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಕೆಲಸವನ್ನು ಈಗ ಈಕೋ ಮಾಡುತ್ತಿದೆ.

ಟ್ಯಾಕ್ಸಿಯ ವಿಚಾರಕ್ಕೆ ಬಂದರೆ, ಕಾರಿಗಿಂತ ಮೊದಲು ಚಾಲಕನ ಸಾಲ ನೆನಪಿಗೆ ಬರುತ್ತದೆ. ಮಂಗಳೂರಿನಲ್ಲಿ ಹುಟ್ಟಿ, 1949ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಇಲ್ಲಿನ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದರು. ಬ್ಯಾಂಕುಗಳು ಹತ್ತಿರ ಸೇರಿಸದ ಇಂಥ ದುಡಿಯುವವರಿಗಾಗಿ 1968ರಲ್ಲಿ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕ್ ಕಟ್ಟಿದರು. ಚಾಲಕ ತಾನೇ ಮಾಲೀಕನಾಗಬೇಕು ಎಂಬ ಆಸೆ ಈ ಊರಿನ ಟ್ಯಾಕ್ಸಿ ಧಂದೆಯಲ್ಲಿ ಅಂದಿನಿಂದಲೂ ಇದೆ. ಸ್ವಂತ ಪರ್ಮಿಟ್ಟು, ಸ್ವಂತ ಗಾಡಿ, ಮೇಲೆ ಕಂತು. ಕಂತು ಕಟ್ಟುವವನು ಕಾರಿನಲ್ಲಿ ನೋಡುವುದೇನು? ಒಂದು ಕಿಲೋ ಗ್ಯಾಸಿಗೆ ಎಷ್ಟು ದೂರ ಓಡುತ್ತದೆ, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಸರಿಯಾಗುತ್ತದೆ, ಮಾರಿದರೆ ಎಷ್ಟು ಬರುತ್ತದೆ. ಗ್ಯಾರೇಜಿನಲ್ಲಿ ಒಂದು ದಿನ ನಿಂತ ಗಾಡಿಯೆಂದರೆ ಒಂದು ದಿನದ ಕೂಲಿ ಖೋತಾ. ನೇಕಾರನ ಲೆಕ್ಕಕ್ಕೂ ಈ ಲೆಕ್ಕಕ್ಕೂ ವ್ಯತ್ಯಾಸವೇ ಇಲ್ಲ. ಈ ನಗರದಲ್ಲಿ ಸುಜುಕಿ ಬೇರೂರಿದ್ದು ಜಾಹೀರಾತಿನಿಂದಲ್ಲ, ಈ ಹೊಂದಾಣಿಕೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊಗೆಯ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ ನಡೆದ ಹೋರಾಟದ ನಂತರ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಪದ್ಮಿನಿಗಳೂ ಸಿಲಿಂಡರ್ ಹೊತ್ತವು. ವಯಸ್ಸಿನ ಮಿತಿ ಮೊದಲು 25 ವರ್ಷ, ಆಮೇಲೆ 20 ವರ್ಷ ಎಂದಾದಾಗ ಅವು ಒಂದೊಂದಾಗಿ ಗುಜರಿ ಸೇರಿದವು. 2010ರಲ್ಲಿ ಮಾರುತಿಯವರು ಕಾರ್ಖಾನೆಯಲ್ಲೇ ಸಿಎನ್‌ಜಿ ಜೋಡಿಸಿದ ವ್ಯಾಗನ್ ಆರ್, ಈಕೋಗಳನ್ನು ಹೊರತಂದರು. ಹೊರಗಿನ ಮೆಕ್ಯಾನಿಕ್ ಬಳಿ ಕಿಟ್ ಹಾಕಿಸುವ ಅಂಜಿಕೆ ತಪ್ಪಿತು. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೊ ರಿಕ್ಷಾ ಬರುವಂತಿಲ್ಲ. ಫೋರ್ಟ್, ಗಿರ್ಗಾಂವ್, ಭೂಲೇಶ್ವರಗಳ ಇಕ್ಕಟ್ಟಿನಲ್ಲಿ ರಿಕ್ಷಾದ ಕೆಲಸವನ್ನೂ ಟ್ಯಾಕ್ಸಿಯೇ ಮಾಡಬೇಕು. ಮೂರು ಮೀಟರ್ ಅರವತ್ತೈದು ಸೆಂಟಿಮೀಟರ್ ಉದ್ದದ ವ್ಯಾಗನ್ ಆರ್ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಹಗುರತನಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. 2014ರಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಭಾರತದ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಸ್ವಿಫ್ಟ್ ಎರಡಕ್ಕೂ ಒಂದು ನಕ್ಷತ್ರವೂ ಸಿಗಲಿಲ್ಲ. 2023ರಲ್ಲಿ ವ್ಯಾಗನ್ ಆರ್‌ಗೆ ದೊಡ್ಡವರ ರಕ್ಷಣೆಗೆ ಒಂದು ನಕ್ಷತ್ರ, ಮಕ್ಕಳ ರಕ್ಷಣೆಗೆ ಸೊನ್ನೆ. ಕಡಿಮೆ ದುಡ್ಡಿನವರ ಪ್ರಾಣಕ್ಕೆ ಬೆಲೆ ಕಡಿಮೆಯಲ್ಲ. ಕೆಡದ ಇಂಜಿನ್ ಕೊಡಲು ಬಲ್ಲವರಿಗೆ ಗಟ್ಟಿ ಒಡಲು ಕೊಡುವುದೂ ಗೊತ್ತು. ಅದನ್ನು ಮೊದಲೇ ಕೊಡಬೇಕಿತ್ತು. 2024ರ ನವೆಂಬರ್‌ನಲ್ಲಿ ಹೊಸ ಡಿಸೈರ್ ಅದೇ ಪರೀಕ್ಷೆಯಲ್ಲಿ ಐದು ನಕ್ಷತ್ರ ಗಳಿಸಿತು. ಎಕ್ಸ್‌ಪ್ರೆಸ್ ವೇ, ಅಟಲ್ ಸೇತುವಿನಂಥ ರಸ್ತೆಗಳಲ್ಲಿ ವೇಗ ಹೆಚ್ಚಿರುವ ಈ ದಿನಗಳಲ್ಲಿ ಟ್ಯಾಕ್ಸಿಯಾಗಿ ಓಡುವ ಅಗ್ಗದ ಮಾದರಿಗಳಿಗೂ ಅದೇ ಗಟ್ಟಿತನ ಬರಬೇಕು.

ಎರಡು ಮಗ್ಗದ ಮನೆತನಗಳು ಈಚೆಗೆ ಒಂದಾದದ್ದು ನಮ್ಮ ಬಿಡದಿಯಲ್ಲಿ. ಟೊಯೊಟಾ ಕರ್ನಾಟಕಕ್ಕೆ ಕಾಲಿಟ್ಟದ್ದು ಕಾರಿನಿಂದಲ್ಲ; 1995ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ ನೂಲುವ ಯಂತ್ರಗಳ ಕಾರ್ಖಾನೆ ಆರಂಭಿಸಿದ್ದರು. ವಿಕ್ರಮ್ ಕಿರ್ಲೋಸ್ಕರ್ ಅವರ ಮುತುವರ್ಜಿಯಿಂದ ಬಿಡದಿಯ ಕಾರು ಕಾರ್ಖಾನೆ ಬಂತು, 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ. 2019ರಲ್ಲಿ ಟೊಯೊಟಾ ಸುಜುಕಿಯಲ್ಲಿ ಸುಮಾರು ಶೇ 5ರಷ್ಟು ಪಾಲು ಕೊಂಡಿತು. 2022ರಿಂದ ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗುತ್ತಿರುವುದು ಬಿಡದಿಯಲ್ಲೇ. ಮುಂಬಯಿಯ ಷೋರೂಮಿನಲ್ಲಿ ನಿಂತಿರುವ ಆ ಕಾರಿಗೆ ರಾಮನಗರ ಸೀಮೆಯ ಹುಡುಗರ ಕೈ ತಾಗಿದೆ. ಓಸಾಮು ಸುಜುಕಿ 2024ರ ಡಿಸೆಂಬರ್ 25ರಂದು 94ನೇ ವಯಸ್ಸಿನಲ್ಲಿ ತೀರಿಕೊಂಡರು. 2007ರಲ್ಲಿ ಪದ್ಮಭೂಷಣ ಕೊಟ್ಟಿದ್ದ ಭಾರತ ಸರ್ಕಾರ ಮುಂದಿನ ತಿಂಗಳೇ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಕಟಿಸಿತು.

ನಗೋಯಾದಲ್ಲಿ ಟೊಯೊಡಾ ಮನೆತನದ ಹಳೆಯ ನೂಲಿನ ಗಿರಣಿಯ ಇಟ್ಟಿಗೆ ಕಟ್ಟಡವನ್ನು ಕೆಡವದೆ ಸಂಗ್ರಹಾಲಯ ಮಾಡಿದ್ದಾರೆ. ಒಂದು ಕಡೆ ಮಗ್ಗಗಳು, ಇನ್ನೊಂದು ಕಡೆ ಕಾರುಗಳು. ಹಮಾಮಾತ್ಸುವಿನ ಸುಜುಕಿ ಸಂಗ್ರಹಾಲಯದಲ್ಲೂ ಮಗ್ಗಕ್ಕೆ ಗೌರವದ ಸ್ಥಾನವಿದೆ. ಮುಂಬಯಿ ಮಹಾನಗರ ಪಾಲಿಕೆ ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್ ಆವರಣದಲ್ಲಿ ಜವಳಿ ಸಂಗ್ರಹಾಲಯದ ಕೆಲಸ ಕೈಗೆತ್ತಿಕೊಂಡಿದೆ. ಅಲ್ಲಿ ಗಿರಣಿಯ ಯಂತ್ರಗಳ ಪಕ್ಕದಲ್ಲಿ ಒಂದು ಕಪ್ಪು–ಹಳದಿ ವ್ಯಾಗನ್ ಆರ್ ಕೂಡ ಇರಬೇಕೆಂದು ನಾನು ಪಾಲಿಕೆಯನ್ನು ಕೇಳುತ್ತೇನೆ. 20 ವರ್ಷದ ನಿಯಮ ಅದಕ್ಕೂ ಅನ್ವಯಿಸುತ್ತದೆ. ಮೊದಮೊದಲು ಟ್ಯಾಕ್ಸಿಯಾದ ಗಾಡಿಗಳ ಸರದಿ ಹತ್ತಿರದಲ್ಲೇ ಇದೆ, ಗುಜರಿಯವರು ಬರುವ ಮೊದಲೇ ಒಂದನ್ನು ಎತ್ತಿಡಬೇಕು. ಬಣ್ಣ ಹೊಸದಾಗಿ ಬಳಿಯುವುದು ಬೇಡ. ಮೀಟರ್, ಡಿಕ್ಕಿಯ ಸಿಲಿಂಡರ್, ಡ್ಯಾಷ್‌ಬೋರ್ಡ್ ಮೇಲಿನ ದೇವರ ಪಟ, ಹಗ್ಗ ಉಜ್ಜಿ ಸವೆದ ಕ್ಯಾರಿಯರ್ ಎಲ್ಲವೂ ಇದ್ದಂತೆಯೇ ಇರಲಿ. ಪಕ್ಕದ ಫಲಕದಲ್ಲಿ 1909, 1982, 1983 ಎಂಬ ಮೂರು ಇಸವಿಗಳನ್ನು ಬರೆಯಲಿ, ಮತ್ತು ಆ ಗಾಡಿಯನ್ನು ಇಪ್ಪತ್ತು ವರ್ಷ ಓಡಿಸಿದ ಚಾಲಕನ ಹೆಸರನ್ನೂ ಬರೆಯಲಿ.